ಹುಟ್ಟುಹಬ್ಬಕ್ಕೊಂದು ಕೆಂಪು ಬಸ್ಸು: ಆಕಾರದ ಕೇಕ್ ಮನೆಯಲ್ಲೇ ಕಟ್ಟುವ ಬಗೆ

ಆಕಾರದ ಕೇಕ್ ಕುಸಿಯುವುದು ಭಾನುವಾರ ಸಂಜೆ, ನೆಂಟರು ಬಾಗಿಲಿಗೆ ಬರುವ ಅರ್ಧ ಗಂಟೆ ಮೊದಲು. ಅದರ ಕಾರಣ ಮಾತ್ರ ಗುರುವಾರವೇ ಹುಟ್ಟಿರುತ್ತದೆ. ಹತ್ತಿಯಂಥ ಹಗುರ ಸ್ಪಂಜು, ಅದು ತೊಯ್ಯುವಷ್ಟು ಸಕ್ಕರೆ ಪಾಕ, ನಡುವೆ ಮೆತ್ತನೆಯ ಕ್ರೀಮು, ಇದರ ಮೇಲೆ ಮುಕ್ಕಾಲು ಕಿಲೋ ಫಾಂಡಂಟ್ (ಸಕ್ಕರೆ ಕಣಕದ ಹೊದಿಕೆ) ಹೊರಿಸಿದರೆ ಯಾವ ಕೇಕೂ ನಿಲ್ಲುವುದಿಲ್ಲ. ಅಲಂಕಾರದಲ್ಲಿ ಕೈ ಪಳಗಿಲ್ಲದಿದ್ದರೂ ಕೇಕ್ ಚೆನ್ನಾಗಿ ಕಾಣಬಹುದು. ಅಡಿಪಾಯ ಮೆತ್ತಗಾದರೆ ಎಂಥ ಪಳಗಿದ ಕೈಗೂ ಅದನ್ನು ಉಳಿಸಲಾಗದು.

ಮೊದಲ ಬಾರಿ ಮಾಡುವವರಿಗೆ ಬಸ್ಸೇ ಒಳ್ಳೆಯ ಆಯ್ಕೆ. ಗೋಡೆಗಳೆಲ್ಲ ನೇರ. ವಿಶೇಷ ಅಚ್ಚು ಬೇಡ, 8 ಇಂಚಿನ ಚೌಕ ಟಿನ್ ಒಂದು ಸಾಕು. ಅದರಲ್ಲಿ ಬೆಂದ ಕೇಕನ್ನು ನಡುವೆ ಸೀಳಿ ಒಂದರ ಮೇಲೊಂದು ಇಟ್ಟರೆ 8 ಇಂಚು ಉದ್ದ, 4 ಇಂಚು ಅಗಲ, ಸುಮಾರು ನಾಲ್ಕೂವರೆ ಇಂಚು ಎತ್ತರದ ಗುಂಡುಗುಂಡಾದ ಬಸ್ಸು ಸಿದ್ಧ. ಇದು ಕೈಗೆ ಹತ್ತಿದರೆ ಲಾರಿ, ರೈಲು ಎಂಜಿನ್, ಶಾಲೆಯ ಚೀಲ, ಪುಸ್ತಕ ಎಲ್ಲವೂ ಇದೇ ಪೆಟ್ಟಿಗೆಯ ಬಂಧುಗಳು.

ಐದು ದಿನದ ಲೆಕ್ಕ

ಒಂದೇ ದಿನದಲ್ಲಿ ಮಾಡಲು ಹೋಗಬೇಡಿ. ಭಾನುವಾರ ಸಂಜೆ ಸಮಾರಂಭ ಎಂದುಕೊಂಡರೆ, ಮಂಗಳವಾರ ಅಥವಾ ಬುಧವಾರ ಚಕ್ರ, ದೀಪ, ಹೆಸರಿನ ಫಲಕಗಳನ್ನು ಮಾಡಿ ಒಣಗಲು ಇಡಿ. ಗುರುವಾರ ಕೇಕ್ ಬೇಯಿಸಿ, ಅದೇ ರಾತ್ರಿ ಗನಾಶ್ (ಚಾಕೊಲೇಟು, ಕ್ರೀಮು ಬೆರೆಸಿದ ಗಟ್ಟಿ ಲೇಪ) ಕೂಡ ಕಲಸಿಡಿ. ಶುಕ್ರವಾರ ಸೀಳುವುದು, ಜೋಡಿಸುವುದು, ಕೆತ್ತುವುದು, ಗನಾಶ್ ಹಚ್ಚುವುದು. ಶನಿವಾರ ಫಾಂಡಂಟ್. ಭಾನುವಾರಕ್ಕೆ ಅಕ್ಷರ, ಸಣ್ಣ ತೇಪೆ, ಬೋರ್ಡಿನ ಅಂಚು ಒರೆಸುವ ಕೆಲಸ ಮಾತ್ರ ಉಳಿಯಬೇಕು. ಅಂದು ಬೆಳಿಗ್ಗೆ ಇನ್ನೂ ಕಿಟಕಿ ಕತ್ತರಿಸುತ್ತಿದ್ದೀರಿ ಎಂದರೆ ಲೆಕ್ಕ ತಪ್ಪಿದೆ.

ಬೇಕಾಗುವ ಸಾಮಾನು

ಕೇಕಿಗೆ: ಬೆಣ್ಣೆ 300 ಗ್ರಾಂ, ಪುಡಿ ಸಕ್ಕರೆ 270 ಗ್ರಾಂ, ಸಿಪ್ಪೆ ತೆಗೆದ ಮೇಲೆ 300 ಗ್ರಾಂ ತೂಗುವಷ್ಟು ಮೊಟ್ಟೆ (ದೊಡ್ಡವಾದರೆ 6, ಚಿಕ್ಕವಾದರೆ 7), ಮೈದಾ 330 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು 3 ದೊಡ್ಡ ಚಮಚ, ವೆನಿಲಾ 2 ಟೀ ಚಮಚ. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಮಚ ಉಪ್ಪು.

ಗನಾಶ್‌ಗೆ: ಡಾರ್ಕ್ ಚಾಕೊಲೇಟ್ 450 ಗ್ರಾಂ, ಫ್ರೆಶ್ ಕ್ರೀಮ್ 225 ಮಿಲಿ.

ಹೊದಿಕೆಗೆ: ಕೆಂಪು ಫಾಂಡಂಟ್ 600 ಗ್ರಾಂ, ಬಿಳಿ 300 ಗ್ರಾಂ, ಕಪ್ಪು 200 ಗ್ರಾಂ. ಜೊತೆಗೆ ಫಾಂಡಂಟನ್ನು ಗಟ್ಟಿಯಾಗಿ ಒಣಗಿಸುವ ಸಿಎಂಸಿ ಅಥವಾ ಟೈಲೋಸ್ ಪುಡಿಯ ಒಂದು ಸಣ್ಣ ಡಬ್ಬಿ.

ಒಟ್ಟು ತೂಕ ಎರಡೂವರೆ ಕಿಲೋ ದಾಟುತ್ತದೆ. ಬೇಕರಿಯವರು ಕೊಡುವ ತೆಳು ರಟ್ಟಿನ ತಟ್ಟೆ ಇದನ್ನು ಹೊರಲಾರದು. ಎತ್ತಿದ ಕೂಡಲೇ ಬಾಗುತ್ತದೆ, ಬಾಗಿದ ಕೂಡಲೇ ಫಾಂಡಂಟ್ ಬಿರಿಯುತ್ತದೆ. 12 ಮಿಲಿಮೀಟರ್ ದಪ್ಪದ ಕೇಕ್ ಬೋರ್ಡ್ ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ತನ್ನಿ, ಕನಿಷ್ಠ 12 ಇಂಚು ಉದ್ದ, 8 ಇಂಚು ಅಗಲ ಇರಲಿ. ಇನ್ನೊಂದು ಬೇಕೇಬೇಕಾದದ್ದು ಡಿಜಿಟಲ್ ತಕ್ಕಡಿ. ಒಂದು ಕಪ್ ಮೈದಾ ತುಂಬುವ ರೀತಿಯ ಮೇಲೆ 110 ಗ್ರಾಂ ಕೂಡ ಆಗಬಹುದು, 150 ಗ್ರಾಂ ಕೂಡ ಆಗಬಹುದು. ಕಪ್ಪಿನ ಲೆಕ್ಕ ಉಪ್ಪಿಟ್ಟಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಬೇಯಿಸುವುದು

ಬೆಣ್ಣೆ, ಮೊಟ್ಟೆ, ಹಾಲು ಮೂರೂ ಫ್ರಿಜ್ಜಿನಿಂದ ಎರಡು ಗಂಟೆ ಮೊದಲೇ ಹೊರಗಿರಲಿ. ಬೆಣ್ಣೆಯನ್ನು ಬೆರಳಿಂದ ಒತ್ತಿದರೆ ಗುಳಿ ಬೀಳಬೇಕು, ಕರಗಿ ಹೊಳೆಯಬಾರದು. ಟಿನ್ 3 ಇಂಚು ಆಳದ್ದಾಗಿರಲಿ. ತಳಕ್ಕೂ ಗೋಡೆಗಳಿಗೂ ಬಟರ್ ಪೇಪರ್ ಹಾಸಿ. ಓಟಿಜಿಯನ್ನು (ಕರೆಂಟಿನ ಪುಟ್ಟ ಓವನ್) 160 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಕಡ್ಡಿ ಉರಿಯುವಂತೆ ಮಾಡಿ, 15 ನಿಮಿಷ ಕಾಯಿಸಿ.

ಬೆಣ್ಣೆಗೆ ಸಕ್ಕರೆ ಹಾಕಿ ಬೀಟರಿನಿಂದ ಐದಾರು ನಿಮಿಷ ಹೊಡೆಯಿರಿ. ಹಳದಿ ಬಣ್ಣ ಹೋಗಿ ಕೆನೆಯ ಬಣ್ಣಕ್ಕೆ ತಿರುಗಬೇಕು. ಮೊಟ್ಟೆ ಒಂದೊಂದಾಗಿ ಸೇರಿಸಿ, ಒಂದು ಪೂರ್ತಿ ಬೆರೆತ ಮೇಲೆ ಇನ್ನೊಂದು. ನಾಲ್ಕನೆಯ ಮೊಟ್ಟೆಯ ಹೊತ್ತಿಗೆ ಮಿಶ್ರಣ ಒಡೆದ ಹಾಲಿನ ಹಾಗೆ ಕಂಡರೆ ಮೊಟ್ಟೆ ತಣ್ಣಗಿತ್ತು ಎಂದರ್ಥ. ಒಂದು ಚಮಚ ಮೈದಾ ಹಾಕಿ ಹೊಡೆದರೆ ಕೂಡಿಕೊಳ್ಳುತ್ತದೆ. ಉಳಿದ ಮೈದಾವನ್ನು ಬೇಕಿಂಗ್ ಪೌಡರ್ ಜೊತೆ ಎರಡು ಸಲ ಜರಡಿ ಹಿಡಿದು, ಮೂರು ಕಂತಿನಲ್ಲಿ ಸೇರಿಸಿ. ಈಗ ಬೀಟರ್ ಬೇಡ, ಚಪ್ಪಟೆ ಸೌಟಿನಿಂದ ಮಡಚಿದಂತೆ ಕಲಸಿ. ಕೊನೆಗೆ ಹಾಲು, ವೆನಿಲಾ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರುತ್ತದೆ, ಸೌಟಿನಿಂದ ಧಪ್ಪೆಂದು ಬೀಳಬೇಕೇ ಹೊರತು ಹರಿಯಬಾರದು. ಟಿನ್ನಿಗೆ ಹಾಕಿ, ನಡುವೆ ಸ್ವಲ್ಪ ತಗ್ಗು ಮಾಡಿ ಮೂಲೆಗಳಿಗೆ ಹೆಚ್ಚು ಹಿಟ್ಟು ತಳ್ಳಿ.

ಚೌಕ ಟಿನ್ನಿನ ತೊಂದರೆ ಏನೆಂದರೆ ಅಂಚು ಬೇಗ ಬೆಂದು ಗಟ್ಟಿಯಾಗುತ್ತದೆ, ನಡುಭಾಗ ಆಮೇಲೆ ಉಬ್ಬಿ ಗುಡ್ಡವಾಗುತ್ತದೆ. ಹಳೆಯ ಟವೆಲಿನ ಪಟ್ಟಿಯೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಟಿನ್ನಿನ ಹೊರಗೋಡೆಗೆ ಬಿಗಿಯಾಗಿ ಕಟ್ಟಿದರೆ ಅಂಚು ತಡವಾಗಿ ಬೇಯುತ್ತದೆ, ಕೇಕ್ ಹೆಚ್ಚುಕಡಿಮೆ ಸಮವಾಗಿ ಏಳುತ್ತದೆ. ಪಟ್ಟಿ ಓಟಿಜಿಯ ಕಡ್ಡಿಗೆ ತಾಗದಂತೆ ನೋಡಿಕೊಳ್ಳಿ.

60ರಿಂದ 70 ನಿಮಿಷ ಬೇಕು. ಮೊದಲ 45 ನಿಮಿಷ ಬಾಗಿಲು ತೆಗೆಯಬೇಡಿ. ತೆಗೆದರೆ ಇನ್ನೂ ಗಟ್ಟಿಯಾಗದ ನಡುಭಾಗ ಕುಸಿದು ಕೂರುತ್ತದೆ, ಮತ್ತೆ ಏಳುವುದಿಲ್ಲ. ಮೇಲ್ಭಾಗ ಬೇಗ ಕೆಂಪಾಗುತ್ತಿದ್ದರೆ ಅದಾದ ಮೇಲೆ ಫಾಯಿಲ್ ಮುಚ್ಚಿ. ನಡುವೆ ಚುಚ್ಚಿದ ಕಡ್ಡಿ ಒಣಗಿ ಬಂದರೆ ಆಯಿತು. ಮೇಲೆ ಬಿರುಕು ಬಿಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಆ ಭಾಗವನ್ನು ಹೇಗೂ ಕತ್ತರಿಸುತ್ತೇವೆ.

ಟಿನ್ನಿನಲ್ಲಿ 10 ನಿಮಿಷ ಬಿಟ್ಟು ಹೊರತೆಗೆದು, ಪೂರ್ತಿ ಆರಿಸಿ, ಕ್ಲಿಂಗ್ ಫಿಲ್ಮಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಈ ಹೆಜ್ಜೆಯನ್ನು ಬಿಡುವವರೇ ಜಾಸ್ತಿ. ಬೆಣ್ಣೆ ಹೆಪ್ಪುಗಟ್ಟಿದ ಕೇಕ್ ಮಾತ್ರ ಚಾಕುವಿಗೆ ಶುದ್ಧವಾಗಿ ಸೀಳುತ್ತದೆ. ಅಂದೇ ಬೆಂದದ್ದನ್ನು ಕೆತ್ತಲು ಹೋದರೆ ಪುಡಿಪುಡಿ.

ಮೊಟ್ಟೆ ತಿನ್ನದ ಮನೆಯಾದರೆ: 400 ಗ್ರಾಮಿನಷ್ಟು ಕಂಡೆನ್ಸ್ಡ್ ಮಿಲ್ಕ್, 250 ಗ್ರಾಂ ಮೈದಾ, ಕರಗಿಸಿದ ಬೆಣ್ಣೆ 120 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಹಾಲು 150 ಮಿಲಿ. ಒಣ ಸಾಮಾನು ಬೇರೆ, ದ್ರವ ಬೇರೆ ಕಲಸಿ, ಕೊನೆಗೆ ಎರಡನ್ನೂ ಸೇರಿಸಿ ಗಂಟಿಲ್ಲದಂತೆ ಬೆರೆಸಿ ಕೂಡಲೇ ಒಲೆಗಿಡಿ. ಸೋಡಾ ಒದ್ದೆಯಾದ ಕ್ಷಣದಿಂದಲೇ ಕೆಲಸ ಶುರು ಮಾಡುತ್ತದೆ, ತಡ ಮಾಡಿದರೆ ಕೇಕ್ ಏಳುವುದಿಲ್ಲ. 170 ಡಿಗ್ರಿಯಲ್ಲಿ 45 ನಿಮಿಷದ ಆಸುಪಾಸು. ಇದು ಅದೇ ಟಿನ್ನಿನಲ್ಲಿ ಸುಮಾರು ಒಂದೂವರೆ ಇಂಚು ಎತ್ತರ ಬರುತ್ತದೆ, ಹಾಗಾಗಿ ಬಸ್ಸು ತುಸು ಕುಳ್ಳಾಗುತ್ತದೆ. ಮೊಟ್ಟೆಯ ಕೇಕಿಗಿಂತ ಇದು ಹೆಚ್ಚು ಉದುರುವ ಜಾತಿ. ಕೆತ್ತುವ ಮೊದಲು ಫ್ರೀಜರಿನಲ್ಲಿ ಒಂದು ಗಂಟೆ ಇಟ್ಟರೆ ಸುಲಭ.

ಗನಾಶ್, ಅಂದರೆ ಗಾರೆ

ಬೇಕರಿಗಳಲ್ಲಿ ಕಾಣುವ ಬಿಳಿ ವಿಪ್ಪಿಂಗ್ ಕ್ರೀಮು ಇಲ್ಲಿಗೆ ಹೊಂದುವುದಿಲ್ಲ. ಅದರಲ್ಲಿರುವ ನೀರು ಫಾಂಡಂಟನ್ನು ಕರಗಿಸುತ್ತದೆ, ಭಾರ ತಡೆಯುವ ಗುಣವೂ ಅದಕ್ಕಿಲ್ಲ. ಗೋಡೆಗೆ ಗಾರೆ ಬೇಕು, ಅದು ಗನಾಶ್.

ಕ್ರೀಮನ್ನು ಸಣ್ಣ ಉರಿಯಲ್ಲಿ ಅಂಚಿನಲ್ಲಿ ಗುಳ್ಳೆ ಬರುವವರೆಗೆ ಮಾತ್ರ ಬಿಸಿ ಮಾಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಫ್ರೆಶ್ ಕ್ರೀಮಿನಲ್ಲಿ 25 ಶೇಕಡಾ ಕೊಬ್ಬಿರುತ್ತದೆ. ಅದನ್ನು ಕುದಿಸಿದರೆ ಒಡೆಯುವ ಸಂಭವ ಹೆಚ್ಚು. ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು, ಎರಡು ಮೂರು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ನಿಧಾನ ತಿರುವಿ. ಎಣ್ಣೆ ಬಿಟ್ಟು ಗಂಟುಗಂಟಾದರೆ ಎಸೆಯಬೇಡಿ. ಬೆಚ್ಚಗಿನ ಹಾಲನ್ನು ಒಂದೊಂದೇ ಚಮಚ ಹಾಕಿ ತಿರುವುತ್ತಾ ಬಂದರೆ ಮತ್ತೆ ನುಣುಪಾಗುತ್ತದೆ. ಮೇಲೆ ಕ್ಲಿಂಗ್ ಫಿಲ್ಮ್ ಅಂಟಿಸಿ ರಾತ್ರಿಯಿಡೀ ಅಡುಗೆಮನೆಯ ತಂಪಾದ ಮೂಲೆಯಲ್ಲಿಡಿ. ಬೆಳಿಗ್ಗೆ ಮೃದು ಬೆಣ್ಣೆಯ ಹದಕ್ಕೆ ಬಂದಿರಬೇಕು.

ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮು ಎಂಬುದು ಬೆಂಗಳೂರಿನ ಹವೆಗೆ ಸರಿ. ಏಪ್ರಿಲ್‌ನಲ್ಲಿ ಬಳ್ಳಾರಿ, ಕಲಬುರಗಿ ಕಡೆಯವರು ಎರಡೂವರೆ ಪಾಲಿಗೆ ಏರಿಸಿ. ಬಿಳಿ ಚಾಕೊಲೇಟಾದರೆ ಮೂರಕ್ಕೊಂದು, ಸೆಖೆಗೆ ನಾಲ್ಕಕ್ಕೊಂದು. ರುಚಿಯಲ್ಲಿ ಕೋಕೋ ಬೆಣ್ಣೆಯಿರುವ ಅಸಲಿ ಚಾಕೊಲೇಟೇ ಮೇಲು. ಸೆಖೆಯಲ್ಲಿ ನಿಲ್ಲುವುದರಲ್ಲಿ ವನಸ್ಪತಿ ಕೊಬ್ಬಿನ ಕಾಂಪೌಂಡ್ ಮೇಲು. ಎರಡನ್ನೂ ಅರ್ಧರ್ಧ ಬೆರೆಸಿದರೆ ಮನೆಮಟ್ಟಿಗೆ ಜಗಳ ಮುಗಿಯಿತು.

ಸೀಳುವುದು, ಜೋಡಿಸುವುದು, ಕೆತ್ತುವುದು

ಬ್ರೆಡ್ ಕತ್ತರಿಸುವ ಹಲ್ಲುಚಾಕುವಿನಿಂದ ಮೇಲಿನ ಗುಡ್ಡವನ್ನು ಸಮ ಮಾಡಿ, 8 ಇಂಚಿನ ಚೌಕವನ್ನು ಎರಡು ಸಮಭಾಗ ಮಾಡಿ. ಪ್ರತಿ ಭಾಗವನ್ನೂ ಅಡ್ಡಡ್ಡ ಸೀಳಿದರೆ ನಾಲ್ಕು ಪದರ. ಪದರದ ಮೇಲೆ ಪದರ ಇಡುವಾಗ ನಡುವೆ 4-5 ಮಿಲಿಮೀಟರ್ ಗನಾಶ್. ಕೇಕಿನ ತಳಭಾಗವಾಗಿದ್ದ ನುಣುಪು ಮುಖ ಎಲ್ಲಕ್ಕಿಂತ ಮೇಲೆ ಬರುವಂತೆ ಕೊನೆಯ ಪದರವನ್ನು ಮಗುಚಿಡಿ. ಸಕ್ಕರೆ ಪಾಕ ಹಚ್ಚುವುದಾದರೆ ನಾಲ್ಕೂ ಪದರಕ್ಕೆ ಸೇರಿ 60 ಮಿಲಿ ಮೀರಬಾರದು. ಅದನ್ನೂ ಬ್ರಷ್ಷಿನಲ್ಲಿ ಹಚ್ಚಿ, ಸುರಿಯಬೇಡಿ. ಹೆಚ್ಚಿದ ಪಾಕವೆಲ್ಲ ಕೆಳಗಿಳಿದು ತಳದ ಪದರವನ್ನು ಹಿಟ್ಟು ಮಾಡುತ್ತದೆ, ಮಾರನೆಯ ದಿನ ಬಸ್ಸಿಗೆ ಹೊಟ್ಟೆ ಬರುತ್ತದೆ.

ಜೋಡಿಸಿದ ಮೇಲೆ ಒಂದು ಹಲಗೆ ಹೇರಿ, ಅದರ ಮೇಲೆ ಅರ್ಧ ಕಿಲೋ ಸಕ್ಕರೆ ಪೊಟ್ಟಣವಿಟ್ಟು ಎರಡು ಗಂಟೆ ಬಿಡಿ. ಪದರಗಳ ನಡುವಿನ ಗಾಳಿ ಈಗಲೇ ಹೋಗಲಿ. ಇಲ್ಲವಾದರೆ ಫಾಂಡಂಟ್ ಹಾಕಿದ ಮೇಲೆ ಅದರ ಭಾರಕ್ಕೆ ಕೇಕ್ ಕೂರುತ್ತದೆ, ಗೋಡೆಯ ನಡುವೆ ಅಡ್ಡಗೆರೆಯ ಹಾಗೆ ಉಬ್ಬು ಏಳುತ್ತದೆ. ಆಗ ಅದಕ್ಕೆ ಮದ್ದಿಲ್ಲ.

ಕೆತ್ತನೆ ಬಸ್ಸಿಗೆ ಹೆಚ್ಚು ಬೇಡ. ಮುಂದಿನ ಗಾಜಿನ ಭಾಗವನ್ನು ಮೇಲಿನಿಂದ ಅರ್ಧ ಇಂಚು ಓರೆಯಾಗಿ ಇಳಿಸಿ. ಛಾವಣಿಯ ಎರಡು ಉದ್ದ ಅಂಚನ್ನು ಕಾಲು ಇಂಚಿನಷ್ಟು ದುಂಡಗೆ ಮಾಡಿ. ಒಂದೇ ಏಟಿಗೆ ದಪ್ಪ ತುಂಡು ತೆಗೆಯದೆ, ಹಲಸಿನ ತೊಳೆ ಬಿಡಿಸುವ ತಾಳ್ಮೆಯಿಂದ ತೆಳುವಾಗಿ ಕೆತ್ತುತ್ತಾ ಆಗಾಗ ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಹೆಚ್ಚು ಕತ್ತರಿಸಿಹೋದರೆ, ಉಳಿದ ಚೂರುಗಳನ್ನು ಪುಡಿ ಮಾಡಿ ಒಂದೆರಡು ಚಮಚ ಗನಾಶ್ ಸೇರಿಸಿ ಕಲಸಿ. ಮಣ್ಣಿನ ಮುದ್ದೆಯಂಥ ಈ ಹಿಟ್ಟಿನಿಂದ ಗುಳಿ ಮುಚ್ಚಬಹುದು. ಉಳಿದದ್ದರಲ್ಲಿ ಛಾವಣಿ ಮೇಲಿನ ಮೂಟೆ, ಟ್ರಂಕು, ಬಾಳೆಗೊನೆ ಮಾಡಬಹುದು. ಮಕ್ಕಳು ಮೊದಲು ಕೈಹಾಕುವುದು ಅದಕ್ಕೇ.

ಬಸ್ಸು ನೆಲಕ್ಕೆ ಅಂಟಿಕೊಂಡಂತೆ ಕಾಣದಿರಲು ಒಂದು ಉಪಾಯವಿದೆ. ಕೇಕನ್ನು ಅದರದೇ ಅಳತೆಯ ಗಟ್ಟಿ ರಟ್ಟಿನ ಮೇಲೆ ಜೋಡಿಸಿ. ಆ ರಟ್ಟಿನಡಿ 7 ಇಂಚು ಉದ್ದ, 3 ಇಂಚು ಅಗಲ, ಅರ್ಧ ಇಂಚು ದಪ್ಪದ ಮರದ ತುಂಡನ್ನು ಫಾಯಿಲ್‌ನಲ್ಲಿ ಸುತ್ತಿ ದೊಡ್ಡ ಬೋರ್ಡಿಗೆ ಅಂಟಿಸಿ. ಬಸ್ಸು ಅರ್ಧ ಇಂಚು ಮೇಲೆ ನಿಲ್ಲುತ್ತದೆ. ಆಮೇಲೆ ಪಕ್ಕಕ್ಕೆ ಅಂಟಿಸಿದ ಚಕ್ರಗಳೇ ಅದನ್ನು ಹೊತ್ತಂತೆ ಕಾಣುತ್ತದೆ. ಚಕ್ರಗಳು ನಿಜಕ್ಕೂ ಏನನ್ನೂ ಹೊರುವುದಿಲ್ಲ, ಹೊರಿಸಲೂಬಾರದು.

ಗನಾಶನ್ನು ಎರಡು ಸಲ ಹಚ್ಚಬೇಕು. ಮೊದಲ ಸಲ ಪುಡಿ ಅಂಟಿಕೊಳ್ಳಲಷ್ಟೇ ತೆಳುವಾಗಿ, ಆಮೇಲೆ ಫ್ರಿಜ್ಜಿನಲ್ಲಿ 20 ನಿಮಿಷ. ಎರಡನೆಯದು 3 ಮಿಲಿಮೀಟರ್ ದಪ್ಪ. ಸ್ಟೀಲ್ ಸ್ಕೇಲನ್ನು ಬಿಸಿ ನೀರಲ್ಲಿ ಅದ್ದಿ ಒರೆಸಿ ಗೋಡೆಯುದ್ದಕ್ಕೂ ಎಳೆದರೆ ನುಣುಪಾಗುತ್ತದೆ. ಇಲ್ಲಿ ಉಳಿದ ಪ್ರತಿ ಗೀರೂ ನಾಳೆ ಫಾಂಡಂಟಿನ ಮೇಲೆ ಕಾಣುತ್ತದೆ. ಫಾಂಡಂಟ್ ಮುಚ್ಚಿಹಾಕುತ್ತದೆ ಎಂಬುದು ಬರೀ ನಂಬಿಕೆ.

ಕೆಂಪು ಬಣ್ಣದ ತಂಟೆ

ಫಾಂಡಂಟ್ ಎಂದರೆ ಸಕ್ಕರೆಯ ಕಣಕ. ಹೋಳಿಗೆಯ ಕಣಕ ನಾದಿದ ಕೈಗೆ ಇದು ಹೊಸದಲ್ಲ. ನಾದಿದಷ್ಟೂ ಮೃದುವಾಗುತ್ತದೆ, ಗಾಳಿಗೆ ಬಿಟ್ಟರೆ ಒಣಗುತ್ತದೆ. ಕೊಳ್ಳುವಾಗ ಹಸಿರು ಗುರುತು ನೋಡಿ. ಕೆಲವದರಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಜನ್ಯ. ಮಾರ್ಷ್‌ಮೆಲೊ ಕರಗಿಸಿ ಮನೆಯಲ್ಲೇ ಮಾಡುವವರೂ ಇದನ್ನು ಗಮನಿಸಬೇಕು.

ಬಿಳಿ ಫಾಂಡಂಟನ್ನು ಮನೆಯಲ್ಲಿ ಕೆಂಪು ಮಾಡಲು ಹೋಗಬೇಡಿ. ಮೊದಲು ಗುಲಾಬಿಯಾಗುತ್ತದೆ, ಮತ್ತೆ ಹಾಕಿದರೆ ಕಡು ಗುಲಾಬಿ. ಕೆಂಪು ಬರುವ ಹೊತ್ತಿಗೆ ಬಣ್ಣ ಎಷ್ಟು ಸೇರಿರುತ್ತದೆಂದರೆ ಫಾಂಡಂಟ್ ಅಂಟಂಟಾಗಿ, ಬಾಯಿಗೆ ಕಹಿಯಾಗಿ, ತಿಂದವರ ನಾಲಗೆಯೆಲ್ಲ ಕೆಂಪು. ಕೆಂಪು, ಕಪ್ಪು ಎರಡನ್ನೂ ಸಿದ್ಧ ಬಣ್ಣದಲ್ಲೇ ಕೊಳ್ಳಿ. ಉಳಿದ ತಿಳಿ ಬಣ್ಣಗಳಿಗೆ ಜೆಲ್ ಬಣ್ಣ ಕಡ್ಡಿಯ ತುದಿಯಲ್ಲಿ ತೆಗೆದು ಹಾಕಿ. ನೀರಾದ ಬಣ್ಣದ ಬಾಟಲಿ ಕಣಕವನ್ನು ಕೆಡಿಸುತ್ತದೆ. ಕಿಟಕಿಗೆ ಬೇಕಾದ ಬೂದು ಬಣ್ಣಕ್ಕೆ ಬಿಳಿಗೆ ಕಡಲೆಕಾಳಿನಷ್ಟು ಕಪ್ಪು ಫಾಂಡಂಟ್ ಸೇರಿಸಿ ನಾದಿದರೆ ಸಾಕು.

ಮಿನುಗುವ ಪುಡಿ ಕೊಳ್ಳುವವರಿಗೆ ಒಂದು ಮಾತು. ಡಬ್ಬಿಯ ಮೇಲೆ ವಿಷಕಾರಿಯಲ್ಲ ಎಂದಷ್ಟೇ ಬರೆದಿದ್ದರೆ ಅದು ತಿನ್ನುವ ವಸ್ತು ಎಂದಾಗುವುದಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯೂ ಪದಾರ್ಥಗಳ ಪಟ್ಟಿಯೂ ಇಲ್ಲದ ಡಬ್ಬಿ ಅಡುಗೆಮನೆಗೆ ಬೇಡ.

ಗೋಡೆಗೊಂದು ಹಾಳೆ

ಇಡೀ ಕೇಕಿಗೆ ಒಂದೇ ಹಾಳೆ ಹೊದಿಸುವ ಕ್ರಮ ದುಂಡು ಕೇಕಿಗೆ ಸರಿ. ಪೆಟ್ಟಿಗೆಗೆ ಹೊದಿಸಿದರೆ ನಾಲ್ಕು ಮೂಲೆಯಲ್ಲೂ ಸೀರೆಯ ನೆರಿಗೆ ಬೀಳುತ್ತದೆ. ಬಸ್ಸಿಗೆ ಪ್ರತಿ ಗೋಡೆಗೂ ಬೇರೆ ಹಾಳೆ ಕತ್ತರಿಸಿ ಅಂಟಿಸಿ. ಅಂಚು ಚೂಪಾಗಿ ಬರುತ್ತದೆ, ಫಾಂಡಂಟೂ ಕಡಿಮೆ ಹಿಡಿಯುತ್ತದೆ.

ಅಳತೆಯನ್ನು ಗನಾಶ್ ಹಚ್ಚಿ ಗಟ್ಟಿಯಾದ ಮೇಲೆ ತೆಗೆದುಕೊಳ್ಳಿ, ಮೊದಲು ತೆಗೆದದ್ದು ಗಿಡ್ಡವಾಗುತ್ತದೆ. ಪ್ರತಿ ಮುಖಕ್ಕೂ ಕಾಗದದ ನಮೂನೆ ಕತ್ತರಿಸಿಟ್ಟುಕೊಳ್ಳಿ. ಫ್ರಿಜ್ಜಿನಿಂದ ತೆಗೆದ ಕೇಕ್ ಬೆವರುತ್ತಿದ್ದರೆ ಒಣಗುವವರೆಗೆ ಕಾಯಿರಿ.

1. ಕೆಂಪು ಫಾಂಡಂಟನ್ನು ಚೆನ್ನಾಗಿ ನಾದಿ, ಬಟರ್ ಪೇಪರಿಗೆ ತುಸು ವನಸ್ಪತಿ ಸವರಿ ಅದರ ಮೇಲೆ ಲಟ್ಟಿಸಿ. ಎರಡೂ ಬದಿಗೆ 4 ಮಿಲಿಮೀಟರ್ ದಪ್ಪದ ಪಟ್ಟಿ ಇಟ್ಟು ಲಟ್ಟಣಿಗೆ ಅದರ ಮೇಲೆ ಉರುಳಿಸಿದರೆ ದಪ್ಪ ಸಮವಾಗಿ ಬರುತ್ತದೆ. ಕಾರ್ನ್‌ಫ್ಲೋರ್ ಉದುರಿಸಿದರೆ ಕೆಂಪಿನ ಮೇಲೆ ಬಿಳಿ ಮಚ್ಚೆ ಉಳಿಯುತ್ತದೆ.

2. ಕಾಗದದ ನಮೂನೆ ಇಟ್ಟು ಕತ್ತರಿಸಿ, ಅಲುಗಿಸದೆ 10-15 ನಿಮಿಷ ಬಿಡಿ. ತುಸು ಬಿರುಸಾದ ಹಾಳೆ ಎತ್ತುವಾಗ ಎಳೆದುಕೊಳ್ಳುವುದಿಲ್ಲ. ಇದನ್ನು ಮರೆತರೆ ಆಯತ ಹೋಗಿ ಓರೆಕೋರೆಯಾದ ದೋಸೆ ಕೈಗೆ ಬರುತ್ತದೆ.

3. ಗನಾಶಿನ ಮೇಲೆ ಬ್ರಷ್ಷಿನಿಂದ ಬರೀ ತೇವವಾಗುವಷ್ಟು ನೀರು ಸವರಿ. ಮೊದಲು ಹಿಂದಿನ ಮತ್ತು ಮುಂದಿನ ಮುಖ, ಆಮೇಲೆ ಎರಡು ಉದ್ದ ಗೋಡೆ. ನೀರು ಹೆಚ್ಚಾದರೆ ಹಾಳೆ ಕೆಳಗೆ ಜಾರುತ್ತದೆ.

4. ಕೊನೆಗೆ ಬಿಳಿ ಛಾವಣಿ, ಸುತ್ತಲೂ 2 ಮಿಲಿಮೀಟರ್ ಹೊರಚಾಚುವಂತೆ. ಗೋಡೆಗಳ ಮೇಲಂಚಿನಲ್ಲಿ ಏನೇ ಸೊಟ್ಟವಿದ್ದರೂ ಅದು ಮುಚ್ಚಿಕೊಳ್ಳುತ್ತದೆ.

ಮೂಲೆಯಲ್ಲಿ ಸಂದು ಕಂಡರೆ ಅದೇ ಬಣ್ಣದ ಫಾಂಡಂಟನ್ನು ನೀರಲ್ಲಿ ಕಲಸಿ ಪೇಸ್ಟು ಮಾಡಿ ತುಂಬಿ ಒರೆಸಿ. ಒಳಗೆ ಗಾಳಿಗುಳ್ಳೆ ಎದ್ದರೆ ತೆಳು ಸೂಜಿಯಿಂದ ಓರೆಯಾಗಿ ಚುಚ್ಚಿ ಬೆರಳಿಂದ ಒತ್ತಿ. ಮೇಲ್ಮೈ ಆನೆಯ ಚರ್ಮದಂತೆ ಸುಕ್ಕಾಗಿದ್ದರೆ ಲಟ್ಟಿಸಿ ತುಂಬ ಹೊತ್ತು ಬಿಟ್ಟಿದ್ದೀರಿ. ಅರ್ಧ ಚಮಚ ವನಸ್ಪತಿ ಹಾಕಿ ಮತ್ತೆ ನಾದಿ.

ಕಿಟಕಿ, ಚಕ್ರ, ಫಲಕ

ಚಕ್ರಕ್ಕೆ 250 ಗ್ರಾಂ ಫಾಂಡಂಟಿಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಸಿಎಂಸಿ ಪುಡಿ ಸೇರಿಸಿ ನಾದಿ, 1 ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಒಂದೂವರೆ ಇಂಚು ಅಗಲದ ಮುಚ್ಚಳದಿಂದ ಕತ್ತರಿಸಿ. ಎರಡು ದಿನದಲ್ಲಿ ಕಲ್ಲಾಗುತ್ತದೆ. ನಡುವೆ ಒಂದು ಬೂದು ಬಿಲ್ಲೆ. ಭಾರದ ಚಕ್ರವನ್ನು ಕೇಕಿಗೆ ಸಿಕ್ಕಿಸಲು ಟೂತ್‌ಪಿಕ್ ಬಳಸುವ ರೂಢಿ ಇದೆ. ಮಕ್ಕಳ ಕೇಕಿನಲ್ಲಿ ಅದು ಅಪಾಯ. ಬೇಯಿಸದ ಸ್ಪಗೆಟಿಯ ತುಂಡು ಅದೇ ಕೆಲಸ ಮಾಡುತ್ತದೆ, ಬಾಯಿಗೆ ಸಿಕ್ಕರೂ ಮುರಿಯುತ್ತದೆ.

ಕಿಟಕಿಗಳನ್ನು ಒಂದೂವರೆ ಮಿಲಿಮೀಟರ್ ತೆಳುವಿಗೆ ಲಟ್ಟಿಸಿ, ಎಲ್ಲವನ್ನೂ ಒಂದೇ ಪಟ್ಟಿಯಿಂದ ಕತ್ತರಿಸಿದರೆ ಎತ್ತರ ಸಮವಾಗಿರುತ್ತದೆ. ಬಲಬದಿಗೆ ಆರು, ಎಡಬದಿಗೆ ಐದು ಮತ್ತು ಒಂದು ಬಾಗಿಲು. ಬಾಗಿಲು ಎಡಕ್ಕೇ ಇರಲಿ, ಚಾಲಕ ಬಲಕ್ಕೆ. ಇಂಟರ್ನೆಟ್ಟಿನ ಚಿತ್ರ ನೋಡಿ ಮಾಡುವವರು ಅಮೆರಿಕದ ಬಸ್ಸಿನ ಹಾಗೆ ಬಾಗಿಲನ್ನು ಬಲಕ್ಕೆ ಕೂರಿಸುತ್ತಾರೆ, ದಿನಾ ಬಸ್ಸು ಹತ್ತುವ ಐದು ವರ್ಷದ ಮಗು ಅದನ್ನು ಮೊದಲು ಕಂಡುಹಿಡಿಯುತ್ತದೆ. ಕಿಟಕಿಯ ಕೆಳಗೆ ಬಿಳಿ ಪಟ್ಟಿ ಎಳೆಯುವುದಾದರೆ ಭಾನುವಾರವೇ ಅಂಟಿಸಿ. ತೇವದ ಹವೆಯಲ್ಲಿ ಕೆಂಪು ಬಣ್ಣ ಬಿಳಿಗೆ ಇಳಿದು ಗುಲಾಬಿಯಾಗುತ್ತದೆ.

ಮುಂದಿನ ಗಾಜಿನ ಮೇಲೆ ಊರಿನ ಫಲಕವಿರುವ ಜಾಗದಲ್ಲಿ ಮಗುವಿನ ಹೆಸರು. ನಂಬರ್ ಪ್ಲೇಟಿನಲ್ಲಿ ಹುಟ್ಟಿದ ದಿನ, ತಿಂಗಳು. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಕ್ಕೆ ಜಾಗ ಬಿಡುವುದು ಮುಖ್ಯ. "ಹುಟ್ಟುಹಬ್ಬ" ಎಂಬ ಒಂದೇ ಪದದಲ್ಲಿ ಎರಡು ಒತ್ತು. ಅಕ್ಷರ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದಾದರೆ ಒತ್ತು, ಕೊಂಬು ಎಲ್ಲ ಕೂಡಿ ಚುಕ್ಕೆಯಾಗುತ್ತದೆ. ಆದ್ದರಿಂದ ಬಸ್ಸಿನ ಮೇಲೆ ಬರೀ ಹೆಸರು, ಶುಭಾಶಯದ ಉದ್ದ ಸಾಲು ಬೋರ್ಡಿನ ಮೇಲೆ. ಕೇಕಿನ ಮೇಲೆ ನೇರ ಬರೆಯದೆ, ಒಣಗಿದ ಫಾಂಡಂಟ್ ಫಲಕದ ಮೇಲೆ ಬರೆದು ಅಂಟಿಸಿ. ಕೈ ತಪ್ಪಿದರೆ ಹೋಗುವುದು ಒಂದು ಫಲಕ ಮಾತ್ರ. ಕರಗಿಸಿದ ಚಾಕೊಲೇಟನ್ನು ಬಟರ್ ಪೇಪರಿನ ಶಂಕುವಿಗೆ ತುಂಬಿ, ತುದಿಯನ್ನು ಗುಂಡುಸೂಜಿಯಷ್ಟೇ ಕತ್ತರಿಸಿ, ಮೆಹಂದಿ ಹಾಕುವಂತೆ ದಾರ ಇಳಿಬಿಡುತ್ತಾ ಬರೆಯಿರಿ. ತುದಿಯನ್ನು ಫಲಕಕ್ಕೆ ಒತ್ತಿದರೆ ಕನ್ನಡದ ದುಂಡು ಬರುವುದಿಲ್ಲ. ಕೈ ನಡುಗುವವರಿಗೆ ತಿನ್ನುವ ಶಾಯಿಯ ಪೆನ್ನು ಸಿಗುತ್ತದೆ, ನಾಚಿಕೆ ಬೇಡ.

ಮೇಣದಬತ್ತಿಯನ್ನು ಛಾವಣಿಗೆ ಚುಚ್ಚಬೇಡಿ. ಮೇಣ ಬಿಳಿಯ ಮೇಲೆ ಹರಿಯುತ್ತದೆ, ಚುಚ್ಚಿದ ಜಾಗ ಬಿರಿಯುತ್ತದೆ. ಬೋರ್ಡಿನ ಮೇಲೆ ಫಾಂಡಂಟಿನ ದಪ್ಪ ಗುಂಡಿಗಳನ್ನು ಅಂಟಿಸಿ ಅವುಗಳಲ್ಲಿ ನಿಲ್ಲಿಸಿ.

ಮಳೆ, ಸೆಖೆ, ಫ್ರಿಜ್ಜು

ಫಾಂಡಂಟಿನ ಶತ್ರು ತೇವ. ಜುಲೈ ತಿಂಗಳ ಮಂಗಳೂರು, ಉಡುಪಿಯಲ್ಲಿ ಸಿಎಂಸಿ ಹಾಕಿದ ಚಕ್ರ ಕೂಡ ಎರಡು ದಿನಕ್ಕೆ ಒಣಗುವುದಿಲ್ಲ. ನಾಲ್ಕು ದಿನ ಮೊದಲೇ ಮಾಡಿ, ಫ್ಯಾನಿನ ಕೆಳಗೆ ಅಥವಾ ಎಸಿ ಕೋಣೆಯಲ್ಲಿಡಿ. ಮುಗಿದ ಕೇಕನ್ನು ಫ್ರಿಜ್ಜಿನಲ್ಲಿ ಇಡಲೇಬೇಕಾದರೆ ರಟ್ಟಿನ ಪೆಟ್ಟಿಗೆಯೊಳಗಿಟ್ಟು ಮುಚ್ಚಿ. ಹೊರತೆಗೆದ ಮೇಲೆ ಪೆಟ್ಟಿಗೆ ತೆರೆಯದೆ ಒಂದು ಗಂಟೆ ಬಿಡಿ, ಆಗ ಬೆವರು ಕೇಕಿನ ಬದಲು ಪೆಟ್ಟಿಗೆಯ ಮೇಲೆ ಕೂರುತ್ತದೆ. ಆದರೂ ಹನಿ ಬಂದರೆ ಒರೆಸಬೇಡಿ. ಬೆರಳ ಗುರುತು ಹಾಗೇ ಉಳಿಯುತ್ತದೆ. ಫ್ಯಾನು ಹಾಕಿ, ತಾನೇ ಆರುತ್ತದೆ.

ಫಾಂಡಂಟ್ ಇಷ್ಟವಿಲ್ಲದವರಿಗೆ

ಅತಿಸಿಹಿ ಎಂದು ಸುಲಿದು ಬದಿಗಿಡುವವರು ಪ್ರತಿ ಮನೆಯಲ್ಲೂ ಇದ್ದಾರೆ. ಕ್ರೀಮೇ ಬೇಕೆನ್ನುವವರು ಗೊಂಬೆಯ ಕೇಕಿಗೆ ಹೋಗಲಿ. 7 ಇಂಚು ಬಾಯಗಲದ ಆಳವಾದ ಸ್ಟೀಲ್ ಬಟ್ಟಲಿಗೆ ಬೆಣ್ಣೆ ಸವರಿ, ಮೈದಾ ಉದುರಿಸಿ, ಮುಕ್ಕಾಲು ಭಾಗ ಹಿಟ್ಟು ಹಾಕಿ ಬೇಯಿಸಿ. ಆಳ ಹೆಚ್ಚಿರುವುದರಿಂದ ನಡುಭಾಗ ಬೇಯಲು ಹೊತ್ತು ಹಿಡಿಯುತ್ತದೆ, ಉರಿ 150ಕ್ಕೆ ಇಳಿಸಿ. ಬೋರಲು ಹಾಕಿದರೆ ಲಂಗ ಸಿದ್ಧ. ನಡುವೆ ಕೊರೆದು, ಸೊಂಟದವರೆಗೆ ಕ್ಲಿಂಗ್ ಫಿಲ್ಮ್ ಸುತ್ತಿದ ಗೊಂಬೆಯನ್ನು ಇಳಿಸಿ. ವಿಪ್ಪಿಂಗ್ ಕ್ರೀಮು ಇನ್ನೂ ಅಲ್ಲಲ್ಲಿ ಮಂಜಿನ ಹರಳಿರುವಾಗಲೇ ತಣ್ಣನೆಯ ಪಾತ್ರೆಯಲ್ಲಿ ಹೊಡೆಯಲು ಶುರು ಮಾಡಿ, ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಂತ ಕೂಡಲೇ ನಿಲ್ಲಿಸಿ. ಇನ್ನೊಂದು ನಿಮಿಷ ಹೊಡೆದರೆ ರವೆರವೆಯಾಗುತ್ತದೆ. ನಕ್ಷತ್ರದ ನಾಜಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಸಾಲುಸಾಲಾಗಿ ಹೂ ಹಾಕುತ್ತಾ ಹೋಗಿ. ಈ ಕೇಕ್ ಕೊನೆಯವರೆಗೂ ಫ್ರಿಜ್ಜಿನಲ್ಲೇ ಇರಬೇಕು.

ಸಾಗಿಸುವುದು, ಕತ್ತರಿಸುವುದು

ಕಾರಿನಲ್ಲಿ ಒಯ್ಯುವಾಗ ಸೀಟಿನ ಮೇಲೂ ಬೇಡ, ತೊಡೆಯ ಮೇಲೂ ಬೇಡ. ಸೀಟು ಹಿಂದಕ್ಕೆ ವಾಲಿರುತ್ತದೆ, ತೊಡೆ ಬೆಚ್ಚಗಿರುತ್ತದೆ. ಮುಂದಿನ ಸೀಟಿನ ಕಾಲಿಡುವ ಜಾಗ ಸಮತಟ್ಟು, ಅಲ್ಲಿ ಜಾರದ ರಬ್ಬರ್ ಹಾಸಿ ಪೆಟ್ಟಿಗೆ ಇಡಿ. ಎಸಿಯನ್ನು ಹೊರಡುವ ಹತ್ತು ನಿಮಿಷ ಮೊದಲೇ ಹಾಕಿರಿ. ಸ್ಕೂಟರಿನ ಯೋಚನೆಯೇ ಬೇಡ. ಚಕ್ರ ಕಳಚಿದರೆ ಅಂಟಿಸಲು ಸ್ವಲ್ಪ ಕೆಂಪು, ಕಪ್ಪು ಫಾಂಡಂಟ್, ಒಂದು ಬ್ರಷ್ಷು ಜೊತೆಗಿರಲಿ.

ಕತ್ತರಿಸುವುದನ್ನು ಬಸ್ಸಿನ ಹಿಂಬದಿಯಿಂದ ಶುರು ಮಾಡಿ, ಹೆಸರಿರುವ ಮುಂಭಾಗ ಫೋಟೊಗೆ ಕೊನೆಯವರೆಗೂ ಉಳಿಯುತ್ತದೆ. ಚಾಕುವನ್ನು ಬಿಸಿ ನೀರಲ್ಲಿ ಅದ್ದಿ ಒರೆಸಿ, ಅಡ್ಡಕ್ಕೆ ಒಂದೊಂದು ಇಂಚಿನಂತೆ ಎಂಟು ಹಲ್ಲೆ. ಪ್ರತಿ ಹಲ್ಲೆಯನ್ನು ನಾಲ್ಕು ಮಾಡಿದರೆ 32 ತುಂಡು. ಕೊನೆಯ ಹಲ್ಲೆಗೆ ಬರುವಾಗ ಕೆಳಗಿನ ರಟ್ಟು, ಮರದ ತುಂಡು ನೆನಪಿರಲಿ, ಚಾಕು ಅಲ್ಲಿಗೆ ನಿಲ್ಲಬೇಕು. ಚಕ್ರಗಳನ್ನು ಮೊದಲೇ ಕಿತ್ತು ಪಕ್ಕಕ್ಕಿಡಿ. ಕಲ್ಲಿನಂತಾದ ಅವನ್ನು ಯಾರೂ ಜಗಿಯಲಾರರು, ಆದರೂ ನಾಲ್ಕಕ್ಕೂ ಜಗಳವಾಗುತ್ತದೆ, ಹಾಗಾಗಿ ಒಂದೆರಡು ಹೆಚ್ಚೇ ಮಾಡಿಟ್ಟಿರಿ.